ಈ ವರ್ಷ ಯಾವ ನಾಟಕ, ಹೇಳಿ?



ಯುಗಾದಿಯ ಹೋಳಿಗೆ ಅರಗುವ ಮೊದಲೇ ನಮ್ಮ ಸಂಘದಲ್ಲಿ ಪ್ರತಿವರ್ಷ ಒಂದು ಪ್ರಶ್ನೆ ಏಳುತ್ತದೆ: ಈ ವರ್ಷ ಯಾವ ನಾಟಕ? ಕಳೆದ ಭಾನುವಾರ ಸಾಂಸ್ಕೃತಿಕ ಸಮಿತಿ ನಮ್ಮ ಮನೆಯಲ್ಲೇ ಸೇರಿತ್ತು. ಒಗ್ಗರಣೆ ಅವಲಕ್ಕಿ ಮುಗಿಯಿತು, ಎರಡು ಸಲ ಕಾಫಿಯೂ ಆಯಿತು, ನಾಟಕ ಮಾತ್ರ ಗೊತ್ತಾಗಲಿಲ್ಲ. ಹಿರಿಯರೊಬ್ಬರು ಎಂದಿನಂತೆ 'ತುಘಲಕ್' ಅಂದರು. ನಿಮ್ಮಲ್ಲೊಬ್ಬ ಮೂಲೆಯಿಂದ, "ಆಂಟಿ, ಕಾಮಿಡಿ ಮಾಡೋಣ, ಡೈಲಾಗ್ ಕಡಿಮೆ ಇರಲಿ" ಅಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಕಾರಣ ಕೊನೆಯಲ್ಲಿ ಹೇಳುತ್ತೇನೆ.

ಮೊದಲು 'ತುಘಲಕ್' ವಿಚಾರ. ಗಿರೀಶ ಕಾರ್ನಾಡರು ಇದನ್ನು 1964ರಲ್ಲಿ ಪ್ರಕಟಿಸಿದರು. ನಮ್ಮ ದೆಹಲಿಯಲ್ಲೇ ಪುರಾನಾ ಕಿಲಾದ ಗೋಡೆಗಳ ನಡುವೆ ಅಲ್ಕಾಜಿಯವರು ಇದನ್ನು ಆಡಿಸಿ ದೇಶವೇ ಮಾತಾಡುವಂತೆ ಮಾಡಿದ್ದರು. ತುಘಲಕನ ಊರಿನಲ್ಲೇ ಇರುವ ಕನ್ನಡಿಗರು ನಾವು, ಆಡದಿದ್ದರೆ ಹೇಗೆ ಎಂದು ಒಂದು ವರ್ಷ ನಾವೂ ಹೊರಟೆವು. ಬಿ.ಎ.ಯಲ್ಲಿ ಇಂಗ್ಲಿಷ್ ಓದಿ, ನಾಟಕವೆಂದರೆ ರಾಜ, ದುರಂತ, ದೊಡ್ಡ ಮಾತು ಎಂದುಕೊಂಡಿದ್ದ ನಾನೇ ಎಲ್ಲರಿಗಿಂತ ಮುಂದೆ. ಹದಿಮೂರು ದೃಶ್ಯಗಳ ನಾಟಕ. ಗಂಡು ಪಾತ್ರಗಳೋ ಸಾಲುಸಾಲು. ನಮ್ಮಲ್ಲಿ ತಾಲೀಮಿಗೆ ಬಂದವರು ನಾಲ್ಕು ಹುಡುಗರು, ಒಂಬತ್ತು ಹುಡುಗಿಯರು! ಒಬ್ಬೊಬ್ಬ ಹುಡುಗ ಮೂರು ಮೂರು ಪೇಟ ಬದಲಿಸಿದ. ಹುಡುಗಿಯರಲ್ಲಿ ಹೆಚ್ಚಿನವರು ಪರದೆ ಎಳೆದರು. ಸುಲ್ತಾನ 1327ರಲ್ಲಿ ರಾಜಧಾನಿಯನ್ನು ದೌಲತಾಬಾದಿಗೆ ಸಾಗಿಸಿದನಲ್ಲ, ನಮ್ಮ ಪ್ರೇಕ್ಷಕರು ಕೊನೆಯ ಮೆಟ್ರೋ ತಪ್ಪೀತೆಂದು ಎಂಟನೆಯ ದೃಶ್ಯಕ್ಕೇ ಮನೆಗೆ ಸಾಗಿದರು.

ನಾಟಕದ್ದೇನೂ ತಪ್ಪಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎನ್ನುವುದನ್ನು ನಾವು ಮರೆತಿದ್ದೆವು. ಅಂದಿನಿಂದ ಪುಸ್ತಕ ತೆರೆಯುವ ಮೊದಲೇ ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ನೀವೂ ಬರೆದಿಟ್ಟುಕೊಳ್ಳಿ, ನಾಳೆ ಈ ಸಮಿತಿ ನಿಮ್ಮದೇ.

ಒಂದು, ನಮ್ಮಲ್ಲಿ ಯಾರಿದ್ದಾರೆ? ನಾಟಕ ಆರಿಸಿ ಜನ ಹುಡುಕುವ ಬದಲು, ಜನರನ್ನು ಎಣಿಸಿ ನಾಟಕ ಹುಡುಕಬೇಕು. ಹುಡುಗಿಯರು ಹೆಚ್ಚಿದ್ದರೆ 'ನಾಗಮಂಡಲ' ನೋಡಿ. ಎ.ಕೆ. ರಾಮಾನುಜನ್ ಹೇಳಿದ ಜನಪದ ಕಥೆಯಿಂದ ಕಾರ್ನಾಡರು ಕಟ್ಟಿದ್ದು. ಅದರ ಆರಂಭದಲ್ಲಿ ಪಾಳು ಗುಡಿಯಲ್ಲಿ ಊರ ದೀಪದ ಜ್ವಾಲೆಗಳೆಲ್ಲ ಹೆಂಗಸರಂತೆ ಸೇರಿ ಹರಟುತ್ತವೆ. ಎಷ್ಟು ಜನರಿದ್ದರೂ ಅಲ್ಲಿ ಜಾಗವಿದೆ. ಇಲ್ಲವೇ, ಗಂಡು ಪಾತ್ರವನ್ನು ಹುಡುಗಿಯರೇ ಮಾಡಲಿ. ಆರ್. ನಾಗರತ್ನಮ್ಮನವರು 1958ರಲ್ಲಿ ಹೆಂಗಸರದೇ ನಾಟಕ ಕಂಪನಿ ಕಟ್ಟಿ ಕಂಸನ ಪಾತ್ರದಲ್ಲಿ ಗರ್ಜಿಸಿದವರು. ಅವರಿಗೆ 2012ರಲ್ಲಿ ಪದ್ಮಶ್ರೀ ಬಂತು.

ಎರಡು, ನಮ್ಮ ಹತ್ತಿರ ಎಷ್ಟು ಭಾನುವಾರಗಳಿವೆ? ನಿಮ್ಮ ಪರೀಕ್ಷೆ, ಆಫೀಸು, ಮದುವೆ, ಜ್ವರ ಕಳೆದರೆ ಹತ್ತು ಉಳಿದರೆ ಪುಣ್ಯ. ಹತ್ತು ಭಾನುವಾರಕ್ಕೆ ಒಂದೂವರೆ ಗಂಟೆಯ ನಾಟಕ ಸಾಕು.

ಮೂರು, ಯಾರ ಅನುಮತಿ ಬೇಕು? ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. 1946ರಲ್ಲಿ ತೀರಿಕೊಂಡ ಕೈಲಾಸಂ ಅವರ ನಾಟಕ ಈಗ ಎಲ್ಲರದ್ದು. 1994ರಲ್ಲಿ ತೀರಿಕೊಂಡ ಕುವೆಂಪು, 2019ರಲ್ಲಿ ಹೋದ ಕಾರ್ನಾಡರ ನಾಟಕಕ್ಕೆ ಪತ್ರ ಬರೆದು ಕೇಳಲೇಬೇಕು. 'ನಮ್ಮದು ಪುಟ್ಟ ಸಂಘ, ಯಾರು ನೋಡುತ್ತಾರೆ' ಎನ್ನುವುದು ನೆರೆಮನೆಯ ಕರಿಬೇವು ಕೇಳದೆ ಕಿತ್ತಂತೆ.

ನಾಲ್ಕು, ಮೂರು ನಾಟಕವೂ ಒಂದೇ ರುಚಿಯದಾಗಬಾರದು. ಗಣೇಶನ ಹಬ್ಬಕ್ಕೆ ನಗು, ರಾಜ್ಯೋತ್ಸವಕ್ಕೆ ಯೋಚನೆ, ಸಂಕ್ರಾಂತಿಗೆ ಮಕ್ಕಳೂ ಕೂತು ನೋಡುವಂಥದ್ದು. ಊಟದ ಎಲೆಯಲ್ಲಿ ಕೋಸಂಬರಿಯೂ ಬೇಕು, ಸಾರೂ ಬೇಕು, ಪಾಯಸವೂ ಬೇಕು.

ಇನ್ನು ನಾನು ನಗದಿದ್ದ ಕಾರಣ.

ಎಂಟು ವರ್ಷದ ಹಿಂದೆ ಒಂದು ತಾಲೀಮಿನಲ್ಲಿ ಹದಿನೈದರ ಹುಡುಗಿಯೊಬ್ಬಳಿಗೆ ಅಂಗಡಿಯವಳ ಪಾತ್ರ. 'ಬೇಳೆಕಾಳು' ಎನ್ನಬೇಕಾದಲ್ಲಿ 'ಬೇಲೆಕಾಲು' ಅಂದಳು. ದೆಹಲಿಯಲ್ಲಿ ಹುಟ್ಟಿ, ಶಾಲೆಯಲ್ಲಿ ಹಿಂದಿ ಕಲಿತ ನಾಲಿಗೆ, ಳಕಾರ ಹೊರಳಲಿಲ್ಲ. ದೊಡ್ಡವರೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಒಬ್ಬರು ತನ್ನ ಕಾಲು ತೋರಿಸಿ "ಕಿಲೋಗೆ ಎಷ್ಟಮ್ಮ?" ಎಂದರು. ಅವಳೂ ನಮ್ಮೊಂದಿಗೆ ನಕ್ಕಳು. ಮುಂದಿನ ಭಾನುವಾರ ತಲೆನೋವು ಅಂದಳು. ಆಮೇಲೆ ಸಂಘಕ್ಕೇ ಬರಲಿಲ್ಲ. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡತೊಡಗಿದಳು. ಹೌದು, ಅವಳು ನನ್ನ ಮಗಳು. ಆ ದಿನ ನಕ್ಕವರಲ್ಲಿ ನಾನೂ ಒಬ್ಬಳು.

'ಡೈಲಾಗ್ ಕಡಿಮೆ ಇರಲಿ' ಎಂದು ನೀವು ಕೇಳಿದಾಗ ನನಗೆ ಅದು ಸೋಮಾರಿತನವಾಗಿ ಕೇಳಿಸಲಿಲ್ಲ. ಬಾಯಿ ತೆರೆದರೆ ನಗುತ್ತಾರೆ ಎಂಬ ಹೆದರಿಕೆ ಕೇಳಿಸಿತು. ಆದ್ದರಿಂದ ಐದನೆಯ ಪ್ರಶ್ನೆಯೊಂದಿದೆ, ಅದೇ ಮೊದಲಿನದ್ದಾಗಬೇಕಿತ್ತು: ಈ ನಾಟಕದಲ್ಲಿ ನಮ್ಮ ಮಕ್ಕಳ ಕನ್ನಡಕ್ಕೆ ಜಾಗವಿದೆಯೇ?

ಈ ಪ್ರಶ್ನೆ ಹಿಡಿದು ಹುಡುಕಿದರೆ ಕೈಲಾಸಂ ಸಿಗುತ್ತಾರೆ. ಅವರ ಮನೆಮಾತು ತಮಿಳು. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದವರು. ಅವರ ಪಾತ್ರಗಳು ಒಂದೇ ವಾಕ್ಯದಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಕಲಸಿ ಆಡುತ್ತವೆ, ಥೇಟ್ ನಿಮ್ಮ ಹಾಗೆ! ಕಾರ್ನಾಡರ ಮನೆಮಾತು ಕೊಂಕಣಿ. ಇಂಗ್ಲಿಷ್ ಕವಿಯಾಗಬೇಕೆಂದಿದ್ದವರು ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿನಲ್ಲಿ ಬರೆಯಲು ಕೂತರೆ ಬಂದದ್ದು ಕನ್ನಡದ 'ಯಯಾತಿ'. ಕನ್ನಡ ರಂಗಭೂಮಿ ಶುದ್ಧ ಉಚ್ಚಾರದವರ ಮನೆಯ ಆಸ್ತಿಯಲ್ಲ. ಬಂದು ಸೇರಿದವರೂ ಅದನ್ನು ಬೆಳೆಸಿದ್ದಾರೆ.

ಕೊನೆಗೆ ಸಮಿತಿ ಗಣೇಶನ ಹಬ್ಬಕ್ಕೆ ಕೈಲಾಸಂ ಅವರ 'ಟೊಳ್ಳುಗಟ್ಟಿ' ಎಂದು ಒಪ್ಪಿತು. ತರಗತಿಯಲ್ಲಿ ಮುಂದಿರುವ ಪುಟ್ಟು, ಓದಿನಲ್ಲಿ ಹಿಂದಿದ್ದರೂ ಮನೆಗೆ ಆಸರೆಯಾಗುವ ಮಾಧು. ಯಾರು ಟೊಳ್ಳು, ಯಾರು ಗಟ್ಟಿ? ಅಂಕಪಟ್ಟಿಯ ಹಿಂದೆ ಓಡುವ ನಮ್ಮ ಮನೆಗಳಿಗೆ ನೂರು ವರ್ಷದ ಆ ಪ್ರಶ್ನೆ ಇನ್ನೂ ಬಿಸಿಯಾಗಿದೆ. ರಾಜ್ಯೋತ್ಸವಕ್ಕೆ 'ನಾಗಮಂಡಲ', ಅನುಮತಿ ಸಿಕ್ಕರೆ. ಗಂಡನ ರೂಪದಲ್ಲಿ ಹಾವು ಬರುವ ಕಥೆ ಸಂಸಾರಸ್ಥರಿಗೆ ಸರಿಯೇ ಎಂದು ಇಬ್ಬರು ಹಿರಿಯರು ಆಕ್ಷೇಪಿಸಿದ್ದಾರೆ, ಆ ಜಗಳ ಇನ್ನೂ ಬಾಕಿ. ಸಂಕ್ರಾಂತಿಯ ನಾಟಕವನ್ನು ನೀವೇ ಸೂಚಿಸಬೇಕು.

ಕನ್ನಡ ಓದಲು ಬಾರದವರಿಗೆ 'ಟೊಳ್ಳುಗಟ್ಟಿ'ಯನ್ನು ದೇವನಾಗರಿಯಲ್ಲಿ ಬರೆದುಕೊಡುವ ಕೆಲಸ ನನ್ನದು. ಮೊನ್ನೆ ರಾತ್ರಿ ಊಟದ ಮೇಜಿನ ಮೇಲೆ ಬರೆಯುತ್ತಿದ್ದಾಗ ಮಗಳು ಹಿಂದೆ ನಿಂತು ಶೀರ್ಷಿಕೆ ಓದಿದಳು: "ಟೊಲ್ಲು..." ಅಂದು ನಿಲ್ಲಿಸಿದಳು. ನಾನು ತಲೆ ಎತ್ತಲಿಲ್ಲ, ತಿದ್ದಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಮಾಧು ಪಾರ್ಟ್ ಹುಡುಗಿ ಮಾಡಬಹುದಾ?" ಎಂದು ಕೇಳಿದಳು. ಕನ್ನಡದಲ್ಲೇ ಕೇಳಿದಳು. ಬರುತ್ತಾಳೋ ಇಲ್ಲವೋ ಗೊತ್ತಿಲ್ಲ.

ಬರುವ ಭಾನುವಾರ ಸಂಜೆ ನಾಲ್ಕಕ್ಕೆ ನಮ್ಮ ಮನೆಯಲ್ಲಿ ಮೊದಲ ವಾಚನ. ಳಕಾರ ಬಾರದವರೂ ಬನ್ನಿ, ಬರುವವರೂ ಬನ್ನಿ. ಚಕ್ಕುಲಿ ಇರುತ್ತದೆ. ಯಾರ ಉಚ್ಚಾರಕ್ಕೂ ಯಾರೂ ನಗಬಾರದು ಎಂಬುದು ಈ ಸಲದ ಒಂದೇ ನಿಯಮ, ಹಿರಿಯರಿಗೆ ಹೆಚ್ಚಾಗಿ ಅನ್ವಯ.