ಸೂಜಿ ಚುಚ್ಚುವ ಮೊದಲು ಎರಡು ನಿಮಿಷ

ಹೋದ ವರ್ಷ ಮಳೆಗಾಲದಲ್ಲಿ ಅಕ್ಕನ ಮಗನಿಗೆ ಬಂದ ಜ್ವರ ಮೂರು ದಿನವಾದರೂ ಬಿಡಲಿಲ್ಲ. ಹರದನಹಳ್ಳಿಯಿಂದ ಆಟೊ ಹತ್ತಿ ಅಕ್ಕ, ನಾನು ಅವನನ್ನು ಪೇಟೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹೊರಗೆಲ್ಲ ಜನ. ಒಳಗೆ ಕಿರುಗುಟ್ಟುವ ಫ್ಯಾನು, ಮಿಣುಕುವ ಟ್ಯೂಬ್‌ಲೈಟು, ಯಾರದೋ ಫೋನಿನಲ್ಲಿ ಜೋರಾಗಿ ರೀಲ್ಸ್. ಅವನು ಎರಡೂ ಕಿವಿ ಮುಚ್ಚಿಕೊಂಡು ಹಿಂದಕ್ಕೂ ಮುಂದಕ್ಕೂ ತೂಗಲು ಶುರು ಮಾಡಿದ. ಒಂದೂಕಾಲು ಗಂಟೆ ಕಾದ ಮೇಲೆ ನಮ್ಮ ಸರದಿ ಬಂತು. ರಕ್ತ ಪರೀಕ್ಷೆ ಬರೆದರು.

ಅವನಿಗೆ ಆಟಿಸಂ ಇದೆ ಎಂದು ಅಕ್ಕ ಎರಡು ಸಲ ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡರೂ ಅದರಿಂದ ಏನು ಮಾಡಬೇಕೆಂದು ತಿಳಿದಂತೆ ಕಾಣಲಿಲ್ಲ. ಒಬ್ಬರು ಕೈ ಹಿಡಿದರು, ಇನ್ನೊಬ್ಬರು ಕಾಲು ಒತ್ತಿದರು, ಮೂರನೆಯವರು ಸೂಜಿ ತಂದರು. ಅವನು ಕಿರುಚಿ ಸಿಸ್ಟರ್ ಕೈಯನ್ನು ಕಚ್ಚಿಬಿಟ್ಟ. ‘ಏನವ್ವಾ, ಮಗೀನ ಹಿಂಗಾ ಬೆಳ್ಸೋದು?’ ಎಂದರು ಅವರು. ಅಕ್ಕ ತಲೆ ತಗ್ಗಿಸಿ ನಿಂತಳು. ನನಗೂ ಮಾತು ಹೊರಡಲಿಲ್ಲ.

ಜ್ವರ ವಾರದಲ್ಲಿ ಇಳಿಯಿತು. ಆದರೆ ಅಂದಿನಿಂದ ಬಿಳಿ ಕೋಟು ಕಂಡರೆ ಅವನು ಮಂಚದ ಕೆಳಗೆ ಸೇರುತ್ತಿದ್ದ. ಒಮ್ಮೆ ಹಾಲಿನ ಡೇರಿಯವರ ಬಿಳಿ ಶರ್ಟು ನೋಡಿಯೂ ಓಡಿಹೋದ. ಎರಡು ತಿಂಗಳ ಬಳಿಕ ಊಟ ಬಿಟ್ಟ, ಕೆನ್ನೆಗೆ ತಾನೇ ಹೊಡೆದುಕೊಳ್ಳತೊಡಗಿದ. ಹಠ ಜಾಸ್ತಿಯಾಗಿದೆ ಅಂದುಕೊಂಡೆವು. ಆಸ್ಪತ್ರೆಗೆ ಕರೆದೊಯ್ಯಲು ಯಾರಿಗೂ ಧೈರ್ಯವಿರಲಿಲ್ಲ. ಹದಿನೈದು ದಿನವಾದ ಮೇಲೆ ಮುಖ ಊದಿಕೊಂಡಾಗ ಗೊತ್ತಾಯಿತು, ದವಡೆ ಹಲ್ಲಿನ ಬುಡದಲ್ಲಿ ಕೀವಾಗಿತ್ತು. ಆರು ವರ್ಷದ ಹುಡುಗ ಹದಿನೈದು ದಿನ ಹಲ್ಲುನೋವು ತಿಂದಿದ್ದ. ‘ನೋಯ್ತದೆ’ ಎನ್ನಲು ಅವನ ಬಳಿ ಮಾತಿರಲಿಲ್ಲ.

ಆಟಿಸಂ, ಕನ್ನಡದಲ್ಲಿ ಸ್ವಲೀನತೆ, ರೋಗವಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ಮಾತು, ಬೆರೆಯುವಿಕೆ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು, ಸದ್ದು-ಬೆಳಕು-ಸ್ಪರ್ಶಕ್ಕೆ ಅತಿಯಾಗಿಯೋ ತೀರಾ ಕಡಿಮೆಯಾಗಿಯೋ ಸ್ಪಂದಿಸುವುದು ಇವೆಲ್ಲ ಅದರಲ್ಲಿ ಬರುತ್ತವೆ. ನಮಗೆ ಫ್ಯಾನಿನ ಸದ್ದು ಸದ್ದೇ ಅಲ್ಲ. ಅವನಿಗೆ ಅದು ತಲೆಯೊಳಗೆ ತಿರುಗುವ ಗಿರಣಿ. ಆಂಪ್ಲಿಫೈಯರಿನ ಗೇನ್ ಪೂರ್ತಿ ಏರಿಸಿಟ್ಟ ಹಾಗೆ ಎಂದು ನಾನು ಅಕ್ಕನಿಗೆ ಹೇಳಿದ್ದೆ. ಅವಳಿಗೆ ಅರ್ಥವಾಗಲಿಲ್ಲ. ಎಂಜಿನಿಯರಿಂಗ್ ಓದುವವರಿಗೆ ಇದೊಂದು ಚಾಳಿ, ಎಲ್ಲದಕ್ಕೂ ಸರ್ಕ್ಯೂಟಿನ ಹೋಲಿಕೆ.

ಅವನಿಗೆ ಆಟಿಸಂ ಇದೆಯೆಂದು ಗೊತ್ತಾಗಿದ್ದು ನಾಲ್ಕೂವರೆ ವರ್ಷಕ್ಕೆ. ಎರಡು ವರ್ಷವಾದರೂ ಹೆಸರು ಕರೆದರೆ ತಿರುಗುತ್ತಿರಲಿಲ್ಲ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿರಲಿಲ್ಲ. ‘ಅವರಪ್ಪನ್ಗೂ ತಡವಾಗೇ ಮಾತ್ ಬಂದದ್ದು’ ಎಂದರು ಮನೆಯ ಹಿರಿಯರು. ಅಜ್ಜಿ ಬಜೆ ತೇಯ್ದು ನಾಲಿಗೆಗೆ ಸವರಿದರು, ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತರು. ಅವರನ್ನು ದೂರುವುದಿಲ್ಲ, ಅವರಿಗೆ ತಿಳಿದದ್ದನ್ನು ಅವರು ಮಾಡಿದರು. ನಾನಂತೂ ‘ಮೊಬೈಲ್ ಕೊಟ್ಟು ಕೊಟ್ಟು ನೀನೇ ಹಾಳು ಮಾಡಿದೆ’ ಎಂದು ಅಕ್ಕನನ್ನು ಬೈದಿದ್ದೆ. ಆ ಮಾತು ಈಗಲೂ ಚುಚ್ಚುತ್ತದೆ. ಆದರೆ ತೋರಿಸಿದ ಇಬ್ಬರು ವೈದ್ಯರೂ ‘ಇನ್ನೊಂದು ವರ್ಷ ಕಾಯಿರಿ’ ಎಂದರಲ್ಲ, ಅದಕ್ಕೆ ಏನು ಹೇಳುವುದು? ಹದಿನಾರರಿಂದ ಮೂವತ್ತು ತಿಂಗಳ ಮಕ್ಕಳಿಗೆಂದು ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿ ಇದೆ. ತಾಯಿಯನ್ನು ಕೂರಿಸಿಕೊಂಡು ಕೇಳಲು ಹತ್ತು ನಿಮಿಷ ಸಾಕು. ಅದರಿಂದ ಆಟಿಸಂ ಖಚಿತವಾಗುವುದಿಲ್ಲ, ಮುಂದಿನ ತಪಾಸಣೆ ಬೇಕೋ ಬೇಡವೋ ಎಂಬುದು ಗೊತ್ತಾಗುತ್ತದೆ. ಅಕ್ಕನಿಗೆ ಕಳೆದುಹೋದ ಎರಡೂವರೆ ವರ್ಷಗಳ ಮುಂದೆ ಹತ್ತು ನಿಮಿಷ ಯಾವ ಲೆಕ್ಕ?

ಕೊನೆಗೆ ಅವಳಿಗೆ ದಾರಿ ತೋರಿಸಿದ್ದು ಊರಿನ ಅಂಗನವಾಡಿ ಟೀಚರ್. ‘ಮೈಸೂರಿನ ಸ್ಪೀಚ್ ಅಂಡ್ ಹಿಯರಿಂಗ್‌ಗೆ ಒಂದ್ಸಲ ತೋರ್ಸಿ ಬಾ’ ಎಂದರು. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಇದೆ, ನಮ್ಮ ಜಿಲ್ಲಾ ಕೇಂದ್ರದಿಂದ ಅರವತ್ತು ಕಿಲೋಮೀಟರ್ ದೂರವಷ್ಟೆ, ರೈಲೂ ಇದೆ. ದೇಶದ ಎಲ್ಲೆಲ್ಲಿಂದಲೋ ಜನ ಅಲ್ಲಿಗೆ ಬರುತ್ತಾರೆ. ಪಕ್ಕದಲ್ಲೇ ಇರುವ ನಮಗೆ ಹೇಳುವವರಿರಲಿಲ್ಲ.

ಸರ್ಕಾರದ ಕಾಗದದಲ್ಲಿ ಕೊರತೆಯಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸಂಚಾರಿ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಹೋಗಿ ಮಕ್ಕಳನ್ನು ನೋಡಬೇಕು. ಅವರು ಹುಡುಕಬೇಕಾದ ಸಮಸ್ಯೆಗಳಲ್ಲಿ ಆಟಿಸಂ ಕೂಡ ಇದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳೇ ಬಗೆಯ ವೈಕಲ್ಯಗಳಿದ್ದವು, ಆಟಿಸಂ ಇರಲಿಲ್ಲ. 2016ರ ಕಾಯ್ದೆಯಲ್ಲಿ ಅವು 21 ಆದವು, ಆಟಿಸಂ ಸೇರಿತು. ಅದೇ ಕಾಯ್ದೆಯ 47ನೇ ಕಲಂ ಓದಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ವೈದ್ಯರು, ನರ್ಸುಗಳು, ಪ್ಯಾರಾಮೆಡಿಕಲ್ ಸಿಬ್ಬಂದಿ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಓದಿನಲ್ಲಿ ಅಂಗವೈಕಲ್ಯದ ವಿಷಯವನ್ನು ಸೇರಿಸಬೇಕು ಎನ್ನುತ್ತದೆ ಅದು. ಆ ಪಟ್ಟಿಯಲ್ಲಿ ಎಂಜಿನಿಯರುಗಳೂ ಇದ್ದಾರೆ! ನಾನು ಐದು ಸೆಮಿಸ್ಟರ್ ಮುಗಿಸಿದ್ದೇನೆ, ಒಂದು ಗಂಟೆಯ ಪಾಠವೂ ಆಗಿಲ್ಲ. ನರ್ಸಿಂಗ್ ಓದುತ್ತಿರುವ ಗೆಳತಿಯನ್ನು ಕೇಳಿದೆ. ‘ಡೆಫನಿಷನ್ ಇದೆ, ಐದು ಮಾರ್ಕಿನ ಪ್ರಶ್ನೆ ಬರುತ್ತೆ. ಅಂಥ ಮಗುವನ್ನ ಇದುವರೆಗೂ ಮುಟ್ಟಿಲ್ಲ ಕಣೇ’ ಎಂದಳು.

ಇದು ನಮ್ಮ ಜಿಲ್ಲೆಯ ಸಮಸ್ಯೆ ಮಾತ್ರ ಅಲ್ಲ. ಆರೋಗ್ಯ ಸಿಬ್ಬಂದಿಗೆ ಆಟಿಸಂ ಬಗ್ಗೆ ಎಷ್ಟು ತಿಳಿದಿದೆ ಎಂದು ಅಳೆಯಲು ನೈಜೀರಿಯಾದ ವೈದ್ಯರು 2008ರಲ್ಲೇ 19 ಪ್ರಶ್ನೆಗಳ ಪ್ರಶ್ನಾವಳಿ ಮಾಡಿದರು, ಅದನ್ನು ಬೇರೆ ದೇಶಗಳವರೂ ಬಳಸಿದ್ದಾರೆ. ಶ್ರೀಮಂತ ದೇಶಗಳೂ ಎಡವಿವೆ. ಇಂಗ್ಲೆಂಡಿನಲ್ಲಿ ಆಟಿಸಂ ಇದ್ದ ಆಲಿವರ್ ಮೆಗವನ್ ಎಂಬ 18 ವರ್ಷದ ಹುಡುಗ 2016ರಲ್ಲಿ ಬ್ರಿಸ್ಟಲ್‌ನ ಆಸ್ಪತ್ರೆಯಲ್ಲಿ ತೀರಿಕೊಂಡ. ಅವನೂ ಹೆತ್ತವರೂ ಬೇಡವೆಂದರೂ ಅವನಿಗೆ ಮನೋರೋಗದ ಔಷಧ ಕೊಟ್ಟಿದ್ದರು. ಅವನ ತಾಯಿ ಬಿಡದೆ ಹೋರಾಡಿದರು. 2022ರ ಕಾನೂನಿನಿಂದ ಅಲ್ಲಿನ ಆರೋಗ್ಯ ಸಿಬ್ಬಂದಿಗೆ ಆಟಿಸಂ ಮತ್ತು ಕಲಿಕಾ ನ್ಯೂನತೆಯ ಕುರಿತು ಅವರವರ ಕೆಲಸಕ್ಕೆ ತಕ್ಕ ತರಬೇತಿ ಕಡ್ಡಾಯವಾಯಿತು. ಆ ತರಬೇತಿಗೆ ಆ ಹುಡುಗನ ಹೆಸರನ್ನೇ ಇಟ್ಟಿದ್ದಾರೆ. ಅಲ್ಲಿ ಒಂದು ಸಾವಾದ ಮೇಲೆ ಆದದ್ದನ್ನು ನಾವು ಸಾವಿಲ್ಲದೆಯೇ ಮಾಡಬಾರದೇ?

‘ದಿನಕ್ಕೆ ನೂರು ಜನ ರೋಗಿಗಳು, ಇಬ್ಬರೇ ಸಿಸ್ಟರು, ಒಂದು ಮಗುವಿಗೆ ಅಷ್ಟು ಹೊತ್ತು ಎಲ್ಲಿಂದ ತರೋಣ?’ ಎನ್ನಬಹುದು. ಸರಿಯಾದ ಪ್ರಶ್ನೆಯೇ. ಅಂದು ಕಚ್ಚಿಸಿಕೊಂಡ ಸಿಸ್ಟರ್ ಬೆಳಗ್ಗೆಯಿಂದ ಕೂತೇ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಅವರ ಮೇಲೆ ನನಗೀಗ ಸಿಟ್ಟಿಲ್ಲ. ಆದರೆ ಅಂದು ಮೂರು ಜನ ಸೇರಿ ಹಿಡಿದು ರಕ್ತ ತೆಗೆಯಲು ಇಪ್ಪತ್ತೈದು ನಿಮಿಷ ಹಿಡಿಯಿತು. ಅವನ ಚೀಟಿಯನ್ನು ಮೇಲಿಟ್ಟು ಮೊದಲೇ ಒಳಗೆ ಕರೆದಿದ್ದರೆ, ಫ್ಯಾನ್ ಆರಿಸಿದ್ದರೆ, ‘ಇವನಿಗೆ ಏನು ಇಷ್ಟ, ಏನು ಭಯ?’ ಎಂದು ತಾಯಿಯನ್ನು ಕೇಳಿದ್ದರೆ, ಮುಟ್ಟುವ ಮೊದಲು ಸ್ಟೆತಸ್ಕೋಪನ್ನು ಅವನ ಕೈಗೇ ಕೊಟ್ಟಿದ್ದರೆ, ಎಲ್ಲ ಸೇರಿ ಹತ್ತು ನಿಮಿಷ. ಇದಕ್ಕೆ ದುಡ್ಡು ಬೇಡ, ಯಂತ್ರ ಬೇಡ. ಮಾತಾಡದ ಮಗು ಊಟ ಬಿಟ್ಟರೆ, ತಲೆ ಚಚ್ಚಿಕೊಂಡರೆ ಮೊದಲು ಕಿವಿ, ಹಲ್ಲು, ಹೊಟ್ಟೆ ನೋಡಬೇಕು, ಹಠ ಎನ್ನುವುದು ಕೊನೆಗೆ. ಇಷ್ಟು ತಿಳಿದಿದ್ದರೆ ಅವನ ಹದಿನೈದು ದಿನ ಉಳಿಯುತ್ತಿತ್ತು.

ಈ ಪುಟ ಓದುವವರಲ್ಲಿ ಜಿಎನ್‌ಎಂ, ಬಿಎಸ್ಸಿ ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್, ಡಿ.ಫಾರ್ಮಾ ಓದುತ್ತಿರುವವರು ಬಹಳ ಜನ ಇರುತ್ತೀರಿ. ಆರೋಗ್ಯ ಇಲಾಖೆಯ ನೇಮಕಾತಿಗೆ ಕಾಯುತ್ತಿರುವವರೂ ಇರುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಸರಿಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಅಂದರೆ ನೀವು ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಅಂಥ ಒಂದು ಮಗು ನಿಮ್ಮ ಮುಂದೆ ಬರಬಹುದು. ಏಪ್ರಿಲ್ 2ರಂದು ಕಾಲೇಜಿನಲ್ಲಿ ನೀಲಿ ಬಟ್ಟೆ ತೊಟ್ಟು ಫೋಟೊ ತೆಗೆಸಿಕೊಳ್ಳುವ ಬದಲು ಇಂಥ ಮಗುವಿನ ತಾಯಿಯೊಬ್ಬರನ್ನು ಕರೆಸಿ ಒಂದು ಗಂಟೆ ಮಾತಾಡಿಸಿ ಎಂದು ಪ್ರಾಂಶುಪಾಲರನ್ನು ಕೇಳಿ. ಅಕ್ಕನಂಥವರು ಬರುತ್ತಾರೆ. ಬಸ್ ಚಾರ್ಜು ಕೊಟ್ಟರೆ ಸಾಕು.

ನಾನು ನರ್ಸ್ ಅಲ್ಲ, ಡಾಕ್ಟರ್ ಆಗುವವಳೂ ಅಲ್ಲ. ಮಾಡಿದ್ದು ಸಣ್ಣ ಕೆಲಸ. ಹೊರದೇಶದ ಕೆಲವು ಆಸ್ಪತ್ರೆಗಳಲ್ಲಿ ಇಂಥ ರೋಗಿಗಳು ತಮ್ಮ ಪರಿಚಯದ ಹಾಳೆಯೊಂದನ್ನು ತರುತ್ತಾರೆಂದು ಓದಿದ್ದೆ. ಕನ್ನಡದಲ್ಲಿ ಅಂಥದ್ದೊಂದನ್ನು ಒಂದೇ ಪುಟದಲ್ಲಿ, ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿ ಲ್ಯಾಮಿನೇಷನ್ ಮಾಡಿಸಿದೆ. ‘ನನಗೆ ಮಾತು ಬರುವುದಿಲ್ಲ, ಹೇಳಿದ್ದು ತಿಳಿಯುತ್ತದೆ. ಫ್ಯಾನಿನ ಸದ್ದು ಆಗುವುದಿಲ್ಲ. ಹಿಂದಿನಿಂದ ಮುಟ್ಟಬೇಡಿ. ಒಂದರಿಂದ ಹತ್ತು ಎಣಿಸಿದರೆ ಸುಮ್ಮನಿರುತ್ತೇನೆ. ರೈಲು ಎಂದರೆ ಇಷ್ಟ. ಬಿಳಿ ಕೋಟು ಕಂಡರೆ ಭಯ.’ ಕೆಳಗೆ ಅಕ್ಕನ ಫೋನ್ ನಂಬರು.

ಹಲ್ಲಿಗೆ ಮೈಸೂರಿನ ಡಾಕ್ಟರೊಬ್ಬರ ಬಳಿ ಹೋದಾಗ ಅಕ್ಕ ಮಾತಾಡದೆ ಆ ಹಾಳೆ ಕೊಟ್ಟಳು. ಅವರು ನಿಂತಲ್ಲೇ ಪೂರ್ತಿ ಓದಿದರು. ಫ್ಯಾನ್ ಆರಿಸಿದರು, ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. ಕೀವಿಗೆ ಮಾತ್ರೆ ಬರೆದು, ಮೊದಲ ದಿನ ಅವನನ್ನು ಆ ದೊಡ್ಡ ಕುರ್ಚಿಯಲ್ಲಿ ಕೂರಿಸಿ ಮೇಲೆ ಕೆಳಗೆ ಮಾಡಿ ಕಳಿಸಿಬಿಟ್ಟರು. ಅವನಿಗೆ ಅದು ರೈಲು. ಎರಡನೇ ಸಲ ಕನ್ನಡಿ ಇಟ್ಟು ಹಲ್ಲು ನೋಡಿದರು. ಮೂರನೇ ಸಲ ಹತ್ತರವರೆಗೆ ಎಣಿಸುತ್ತಾ ಎಣಿಸುತ್ತಾ ಕೆಲಸ ಮುಗಿಸಿದರು. ಯಾರೂ ಕೈಕಾಲು ಹಿಡಿಯಲಿಲ್ಲ.

ಮುಂದಿನ ತಿಂಗಳು ಇನ್ನೊಂದು ಹಲ್ಲಿಗೆ ಮತ್ತೆ ಹೋಗಬೇಕು. ಅಷ್ಟರಲ್ಲಿ ಹಾಳೆಯ ಕೊನೆಯ ಸಾಲನ್ನು ತಿದ್ದಿಸಬೇಕಿದೆ: ಕೋಟು ಬಿಚ್ಚಿಟ್ಟು ಬಂದರೆ ಬಾಯಿ ತೆರೆಯುತ್ತೇನೆ.