ಫಿಟ್ಟರನಿಗೆ ಪ್ರಬಂಧವೇಕೆ?

ಲೇತು ತಿರುಗಿಸುವವನಿಗೆ ಪ್ರಬಂಧ ಬರೆದು ಆಗಬೇಕಾದುದೇನು ಎಂದು ಕೇಳುವ ಮಹನೀಯರು ನಮ್ಮಲ್ಲಿಯೇ ಇದ್ದಾರೆ. ಅವರ ಮಕ್ಕಳು ಮಾತ್ರ ಇಂಗ್ಲಿಷ್ ಶಾಲೆಯಲ್ಲಿದ್ದಾರೆ, ಅದು ಬೇರೆ ಮಾತು!

ಅಮೆರಿಕದಲ್ಲಿ ಕಮ್ಯೂನಿಟಿ ಕಾಲೇಜು ಎಂಬ ಎರಡು ವರ್ಷದ ಸಾರ್ವಜನಿಕ ಕಾಲೇಜುಗಳಿವೆ. ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಊರಿನಲ್ಲಿ 1901ರಲ್ಲಿ ಆರಂಭವಾದದ್ದು ಇವುಗಳಿಗೆ ಮೊದಲು. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದವನು ಸಂಜೆ ಅಲ್ಲಿ ಕಲಿಯಬಹುದು. ಎಂಜಿನಿಯರಿಂಗ್ ಹಿಡಿದವನಿಗೆ ಗಣಿತ, ಭೌತಶಾಸ್ತ್ರಗಳ ಜೊತೆಗೆ ಇಂಗ್ಲಿಷ್ ಪ್ರಬಂಧರಚನೆಯೂ ಸಾಮಾನ್ಯವಾಗಿ ಕಡ್ಡಾಯ. ಒಂದು ವಾದ ಹಿಡಿದು ಆಧಾರ ಕೊಟ್ಟು ಬರೆಯಬೇಕು. ತಿದ್ದಿಸಿಕೊಂಡು ಮತ್ತೆ ಬರೆಯಬೇಕು. ಅಲ್ಲಿಂದ ವಿಶ್ವವಿದ್ಯಾನಿಲಯದ ಮೂರನೆಯ ವರ್ಷಕ್ಕೆ ದಾರಿಯುಂಟು. ಅಲ್ಲಿ ಎಲ್ಲವೂ ಚಿನ್ನವೆಂದಲ್ಲ. ಇಂಗ್ಲಿಷ್ ಸಾಲದೆಂದು ಬಡವರ ಮಕ್ಕಳನ್ನು ಲೆಕ್ಕಕ್ಕೆ ಬಾರದ ತರಗತಿಗಳಲ್ಲಿ ಕೊಳೆಹಾಕುತ್ತಿದ್ದರು; ಅದನ್ನು ತಡೆಯಲು ಕ್ಯಾಲಿಫೋರ್ನಿಯ 2017ರಲ್ಲಿ ಕಾನೂನನ್ನೇ ಮಾಡಬೇಕಾಯಿತು.

ನಮ್ಮ ಹುಡುಗರಿಗೆ ಹೆಚ್ಚಾಗಿ ದೊರೆಯುವುದೇನು? ಕೆಲವು ತಿಂಗಳ ತರಬೇತಿ, ಒಂದು ಸರ್ಟಿಫಿಕೇಟು. ಧಣಿಗೆ ನಮ್ಮ ಕೈ ಬೇಕು, ಬಾಯಿ ಬೇಡ! ಯಂತ್ರಕ್ಕೆ ಬೆರಳು ಕೊಟ್ಟವನು ಒಬ್ಬ, ಅಪಘಾತದ ವರದಿ ಬರೆಯುವವನು ಇನ್ನೊಬ್ಬ. 1982ರ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಬಾಕಿಯ ಅರ್ಜಿಗಾಗಿ ನಾವು ಯಾರ ಯಾರ ಬಾಗಿಲು ಕಾಯಲಿಲ್ಲ?

ಬಂಧುಗಳೇ, ಇದೇ ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳು ಹೋಟೆಲ್ ಹುಡುಗರಿಗೆ ಅಕ್ಷರ ಕಲಿಸಿದವು. ಸಂಘದ ಹಾಲಿನಲ್ಲಿ ವಾರಕ್ಕೆ ಎರಡು ರಾತ್ರಿ ನಕ್ಷೆ ಓದುವುದನ್ನೂ ಬರವಣಿಗೆಯನ್ನೂ ಒಟ್ಟಿಗೆ ಕಲಿಸೋಣ; ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಜಾಗವಿಲ್ಲ ಎನ್ನುವವರು ಇಸ್ಪೀಟಿನ ಮೇಜನ್ನು ಕೊಂಚ ಸರಿಸಿಕೊಡಲಿ.