ಗೇಟು ಮುರಿದವರೂ ಅಭಿಮಾನಿಗಳೇ

ಯೂರೊ ಕಪ್ ಫೈನಲ್ ನಡೆದ 2021ರ ಜುಲೈ 11ರಂದು ಇಂಗ್ಲೆಂಡಿನಲ್ಲಿ ಎರಡು ದಾಳಿಗಳಾದವು. ಸಂಜೆ, ಟಿಕೆಟ್ ಇಲ್ಲದ ಜನ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದ ಗೇಟುಗಳ ಮೇಲೆ ಮುಗಿಬಿದ್ದರು. ರಾತ್ರಿ, ಪೆನಾಲ್ಟಿಯಲ್ಲಿ ಗೋಲು ಗಳಿಸಲಾಗದ ಮೂವರು ಕಪ್ಪುವರ್ಣದ ಹುಡುಗರ ಫೋನುಗಳ ಮೇಲೆ ಬೈಯುವವರು ಮುಗಿಬಿದ್ದರು. ಮೊದಲನೆಯದನ್ನು ಭದ್ರತೆಯ ಲೋಪವೆಂದು ಬಗೆದು ಅದಕ್ಕೊಂದು ತನಿಖೆ ಮಾಡಿದರು. ಎರಡನೆಯದನ್ನು ಜನಾಂಗೀಯ ದ್ವೇಷವೆಂದು ಬಗೆದು ಅದಕ್ಕೆ ಬೇರೆ ತನಿಖೆ ಮಾಡಿದರು. ಎರಡನ್ನೂ ಒಟ್ಟಿಗಿಟ್ಟು ನೋಡುವ ಕೆಲಸ ಆಗಲಿಲ್ಲ. ಹಾಗೆ ನೋಡಿದ್ದರೆ ಫುಟ್‌ಬಾಲ್ ಆಡಳಿತಕ್ಕೆ ಹಿತವಾಗದ ಒಂದು ಸಂಗತಿ ಎದುರಾಗುತ್ತಿತ್ತು. ಎರಡೂ ಕಡೆ ಇದ್ದವರು ಎಲ್ಲಿಂದಲೋ ಬಂದ ಕಿಡಿಗೇಡಿಗಳೇನೂ ಅಲ್ಲ. ತಂಡದ ಜೆರ್ಸಿ ತೊಟ್ಟ ಅಭಿಮಾನಿಗಳೇ ಅವರಲ್ಲಿ ಬಹಳಷ್ಟು ಮಂದಿ.

ಗೇಟಿನ ಕಥೆ ಮೊದಲು. ಇಂಗ್ಲೆಂಡಿನ ಪುರುಷರ ತಂಡ ದೊಡ್ಡ ಟೂರ್ನಿಯೊಂದರ ಫೈನಲ್ ತಲುಪಿದ್ದು 1966ರ ನಂತರ ಅದೇ ಮೊದಲು. ಬೆಳಿಗ್ಗೆಯಿಂದಲೇ ಕುಡಿಯುತ್ತ ಜನ ವೆಂಬ್ಲಿಯ ಹಾದಿ ತುಂಬಿದರು. ಪಂದ್ಯ ಇದ್ದದ್ದು ರಾತ್ರಿ ಎಂಟಕ್ಕೆ. ತೊಂಬತ್ತು ಸಾವಿರ ಆಸನಗಳ ಕ್ರೀಡಾಂಗಣದಲ್ಲಿ ಕೋವಿಡ್ ನಿರ್ಬಂಧದಿಂದಾಗಿ ಸುಮಾರು 67 ಸಾವಿರ ಮಂದಿಗಷ್ಟೇ ಅವಕಾಶವಿತ್ತು. ಒಳಗೆ ಸಾವಿರಾರು ಆಸನ ಖಾಲಿ ಇವೆ ಎಂಬುದು ಹೊರಗಿದ್ದವರಿಗೆ ಚೆನ್ನಾಗಿ ಗೊತ್ತಿತ್ತು. ತನಿಖೆ ನಡೆಸಿದ ಬ್ಯಾರನೆಸ್ ಲೂಯಿಸ್ ಕೇಸಿ ಅದೇ ಡಿಸೆಂಬರಿನಲ್ಲಿ ಕೊಟ್ಟ ವರದಿಯ ಪ್ರಕಾರ ಸುಮಾರು ಎರಡು ಸಾವಿರ ಮಂದಿ ಟಿಕೆಟ್ ಇಲ್ಲದೆ ಒಳಹೊಕ್ಕರು, ಹದಿನೇಳು ಸಲ ಗುಂಪು ಗುಂಪಾಗಿ ಬಾಗಿಲು ಮುರಿದು ನುಗ್ಗಿದರು. ಅವರು ಆರಿಸಿಕೊಂಡ ಬಾಗಿಲುಗಳು ಯಾವುವು? ಅಂಗವಿಕಲರಿಗೆಂದೇ ಇರಿಸಿದ್ದವು ಮತ್ತು ಬೆಂಕಿ ಬಿದ್ದಾಗ ಹೊರಬರಲು ಇದ್ದವು. ಗಾಲಿಕುರ್ಚಿಯವರಿಗೆ ಬಾಗಿಲು ತೆರೆಯಲೇಬೇಕಿತ್ತು, ತೆರೆದಾಗಲೆಲ್ಲ ಕಾದಿದ್ದವರು ನುಗ್ಗಿದರು. ಇಂಗ್ಲೆಂಡಿನ ರಕ್ಷಣಾ ಆಟಗಾರ ಹ್ಯಾರಿ ಮ್ಯಾಗ್ವಾಯರ್ ಆ ನೂಕುನುಗ್ಗಲಿನಲ್ಲಿ ತಮ್ಮ ತಂದೆಗೇ ಪೆಟ್ಟಾಯಿತೆಂದು ಹೇಳಿದರು.

ಇನ್ನೊಂದು ದಾರಿ ಇದಕ್ಕಿಂತ ಸದ್ದಿಲ್ಲದ್ದು. ಟಿಕೆಟ್ ಇದ್ದವನು ಸ್ಕ್ಯಾನ್ ಮಾಡಿ ತಿರುಗುಗೇಟು ದಾಟುವಾಗ ಅವನ ಬೆನ್ನಿಗೆ ಅಂಟಿಕೊಂಡು ಇನ್ನೊಬ್ಬ ದಾಟುವುದು. ಅಲ್ಲಿ ಇದಕ್ಕೆ ‘ಟೇಲ್‌ಗೇಟಿಂಗ್’ ಎನ್ನುತ್ತಾರೆ. ಮುಂದಿನವನು ಬೆದರಿ ಸುಮ್ಮನಿರಬಹುದು, ಗೆಳೆಯನೇ ಆಗಿ ಬೇಕೆಂದೇ ಜಾಗ ಬಿಟ್ಟಿರಬಹುದು. ವಿಚಿತ್ರವೆಂದರೆ, ಅಲ್ಲಿ ಫುಟ್‌ಬಾಲ್ ಟಿಕೆಟ್ಟನ್ನು ಅನುಮತಿಯಿಲ್ಲದೆ ಮರುಮಾರಾಟ ಮಾಡುವುದು 1994ರಿಂದಲೇ ಅಪರಾಧ. ಟಿಕೆಟ್ಟೇ ಇಲ್ಲದೆ ಒಳನುಗ್ಗುವುದು 2021ರಲ್ಲಿ ಪ್ರತ್ಯೇಕ ಅಪರಾಧವಾಗಿರಲಿಲ್ಲ. ಅದನ್ನು ಅಪರಾಧವಾಗಿಸಿ ಎಂಬ ಕೇಸಿಯವರ ಮಾತು ಸಂಸತ್ತಿನಲ್ಲಿ ಮಸೂದೆಯ ರೂಪ ಪಡೆಯಲು ವರ್ಷಗಳೇ ಹಿಡಿದವು.

ಪಂದ್ಯ 1-1ರಲ್ಲಿ ಮುಗಿದು ಪೆನಾಲ್ಟಿಗೆ ಹೋಯಿತು, ಇಟಲಿ 3-2ರಲ್ಲಿ ಗೆದ್ದಿತು. ಇಂಗ್ಲೆಂಡಿನ ಮಾರ್ಕಸ್ ರ‍್ಯಾಶ್‌ಫರ್ಡ್ ಒದ್ದ ಚೆಂಡು ಕಂಬಕ್ಕೆ ಬಡಿಯಿತು. ಜೇಡನ್ ಸ್ಯಾಂಚೊ, ಬುಕಾಯೊ ಸಾಕಾ ಒದ್ದವನ್ನು ಇಟಲಿಯ ಗೋಲ್‌ಕೀಪರ್ ಡೊನ್ನಾರುಮ್ಮಾ ತಡೆದರು. ಸಾಕಾಗೆ ಆಗ ಹತ್ತೊಂಬತ್ತು ವರ್ಷ. ಕೆಲವೇ ನಿಮಿಷಗಳಲ್ಲಿ ಮೂವರ ಖಾತೆಗಳಲ್ಲೂ ಕೋತಿಯ ಚಿತ್ರಗಳು, ಬರೆಯಲಾಗದ ಬೈಗುಳಗಳು ತುಂಬಿಕೊಂಡವು. ಕೆಲವು ದಿನಗಳ ನಂತರ ಸಾಕಾ ಬರೆದದ್ದರಲ್ಲಿ ನನ್ನನ್ನು ಕಾಡುವುದು ಒಂದೇ ವಿಷಯ: ಪೆನಾಲ್ಟಿ ತಪ್ಪಿದ ಕ್ಷಣವೇ, ತನ್ನ ಮೇಲೆ ಎಂಥ ದ್ವೇಷ ಹರಿದುಬರಲಿದೆ ಎಂಬುದು ಆ ಹುಡುಗನಿಗೆ ಗೊತ್ತಾಗಿತ್ತು. ಸೋಲಿನ ದುಃಖಕ್ಕೂ ಮೊದಲು ಆ ಲೆಕ್ಕ ತಲೆಯಲ್ಲಿ ಓಡಿತ್ತೆಂದರೆ, ಅದು ಚೆಂಡಿನ ಬಳಿ ನಡೆದು ಹೋಗುವಾಗಲೂ ಎಲ್ಲೋ ಹಿಂದೆ ಇದ್ದಿರಲೇಬೇಕು. ಪೆನಾಲ್ಟಿ ಒದೆಯುವವನ ಏಕಾಗ್ರತೆಯ ಬಗ್ಗೆ ಪುಟಗಟ್ಟಲೆ ಬರೆಯುವ ಕ್ರೀಡಾ ವಿಶ್ಲೇಷಕರು ಈ ಭಾರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮರುದಿನ ಎಲ್ಲರ ಬಾಯಲ್ಲೂ ಒಂದೇ ಮಾತು: ಇಂಥವರಿಗೆ ನಮ್ಮ ಆಟದಲ್ಲಿ ಜಾಗವಿಲ್ಲ, ಇವರು ನಿಜವಾದ ಅಭಿಮಾನಿಗಳೇ ಅಲ್ಲ. ನಿಂದಿಸಿದವರೆಲ್ಲ ಹೆಸರಿಲ್ಲದ ನಕಲಿ ಖಾತೆಗಳು, ಹೊರದೇಶದವರು ಎಂಬ ಮಾತೂ ಜೊತೆಗೆ ಬಂತು. ಬ್ರಿಟನ್ನಿನ ಫುಟ್‌ಬಾಲ್ ಪೊಲೀಸ್ ಘಟಕ ಅಪರಾಧವೆನಿಸುವ 207 ಪೋಸ್ಟ್‌ಗಳನ್ನು ಗುರುತಿಸಿದಾಗ ಅವುಗಳಲ್ಲಿ 123 ಖಾತೆಗಳು ಹೊರದೇಶದವು, 34 ಬ್ರಿಟನ್ನಿನವು ಎಂದಿತು. ಇದು ಆ ವಾದಕ್ಕೆ ಪುಷ್ಟಿ ಕೊಟ್ಟಂತಾಯಿತು. ಆದರೆ ಟ್ವಿಟರ್ ಸಂಸ್ಥೆ ತಾನು ಅಳಿಸಿದ ಟ್ವೀಟ್‌ಗಳನ್ನೆಲ್ಲ ಜಾಲಾಡಿ ಆಗಸ್ಟ್‌ನಲ್ಲಿ ಹೇಳಿದ್ದೇ ಬೇರೆ: ಅತಿ ಹೆಚ್ಚು ನಿಂದನೆ ಹೊರಟದ್ದು ಬ್ರಿಟನ್ನಿನಿಂದಲೇ, ಮತ್ತು ಅಮಾನತಾದ ಖಾತೆಗಳಲ್ಲಿ ಶೇ 99ರ ಹಿಂದಿನ ವ್ಯಕ್ತಿಗಳನ್ನು ಗುರುತಿಸಲು ಸಾಧ್ಯವಿತ್ತು. ಅನಾಮಿಕತೆಯನ್ನು ರದ್ದುಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಆ ಅಂಕಿಯೇ ಉತ್ತರ. ಗುರುತು ಸಿಗುವ ಖಾತೆಗಳಿಂದಲೇ, ನಾಚಿಕೆಯ ಸುಳಿವೂ ಇಲ್ಲದೆ ಬೈದಿದ್ದಾರೆ.

ಗೇಟು ಮುರಿದವರ ನಡವಳಿಕೆಯಲ್ಲೂ ಇದೇ ನಿರ್ಭಯವಿತ್ತು. ಮುಖ ಮುಚ್ಚಿಕೊಳ್ಳುವ ಗೋಜಿಗೆ ಹೋದವರು ಕಡಿಮೆ; ನುಗ್ಗುವ ದೃಶ್ಯಗಳು ಆ ಸಂಜೆಯೇ ಫೋನಿನಿಂದ ಫೋನಿಗೆ ಹರಿದಾಡಿದವು. ಈ ಪಂದ್ಯ ನನ್ನದು, ಇದಕ್ಕಾಗಿ ಐವತ್ತೈದು ವರ್ಷ ಕಾದಿದ್ದೇವೆ, ಆದ್ದರಿಂದ ಆಸನವೂ ನನ್ನದು, ಸೋತರೆ ಸೋಲಿಸಿದವನ ಚರ್ಮವೂ ನನ್ನದು ಎಂಬ ಧೋರಣೆ. ಈ ಹಕ್ಕಿನ ಭಾವನೆಯನ್ನು ಬೆಳೆಸಿದವರು ಯಾರು? ‘ಕ್ಲಬ್ ನಿಮ್ಮದೇ’ ಎಂದು ವರ್ಷವಿಡೀ ಜಾಹೀರಾತು ಮಾಡುವುದು ಇದೇ ಫುಟ್‌ಬಾಲ್ ಉದ್ಯಮ. ಟಿಕೆಟ್ಟಿನ ವಿಷಯದಲ್ಲಂತೂ ಅದರ ನೈತಿಕತೆ ಇನ್ನೂ ಪೇಲವ. 2026ರ ವಿಶ್ವಕಪ್‌ಗೆ ಫಿಫಾ ಬೇಡಿಕೆ ನೋಡಿಕೊಂಡು ಏರಿಳಿಯುವ ದರ ತಂದಿತು. ತನ್ನದೇ ಮರುಮಾರಾಟ ತಾಣ ತೆರೆದು ಮಾರುವವರಿಂದ ಶೇ 15, ಕೊಳ್ಳುವವರಿಂದ ಶೇ 15 ಕಮಿಷನ್ ಇಟ್ಟುಕೊಂಡಿತು. ನಮ್ಮ ಗಾಂಧಿನಗರದ ಚಿತ್ರಮಂದಿರಗಳ ಮುಂದೆ ಇದನ್ನೇ ‘ಬ್ಲ್ಯಾಕ್’ ಎನ್ನುತ್ತಿದ್ದರು, ಪೊಲೀಸರು ಬಂದರೆ ಓಡುತ್ತಿದ್ದರು. ಹೀಗೆ ದುಡಿಯುವ ಸಂಸ್ಥೆ ಟಿಕೆಟ್ ದುರ್ಬಳಕೆಯ ಬಗ್ಗೆ ಅಭಿಮಾನಿಗೆ ಬುದ್ಧಿ ಹೇಳಿದರೆ ಕೇಳುವವರು ಯಾರು?

ಇಲ್ಲಿ ಒಂದು ಎಚ್ಚರಿಕೆ ಬೇಕು, ದೊಡ್ಡ ಎಚ್ಚರಿಕೆಯೇ. ‘ಟಿಕೆಟ್ ಇಲ್ಲದ ಕುಡುಕ ಅಭಿಮಾನಿಗಳು’ ಎಂಬ ಆರೋಪವನ್ನು ಅಧಿಕಾರಸ್ಥರು ಸುಳ್ಳು ಹೇಳಲೂ ಬಳಸಿದ್ದಾರೆ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೊ ಮೈದಾನದಲ್ಲಿ ಲಿವರ್‌ಪೂಲ್ ಬೆಂಬಲಿಗರು ಕಂಬಿಬೇಲಿಗೆ ಸಿಕ್ಕಿ ಅಪ್ಪಚ್ಚಿಯಾದರು. ಆ ದುರಂತಕ್ಕೆ ಬಲಿಯಾದವರು 97 ಮಂದಿ. ಗೇಟು ತೆರೆಯಲು ಆದೇಶ ಕೊಟ್ಟದ್ದು ಪೊಲೀಸ್ ಅಧಿಕಾರಿ. ಅಭಿಮಾನಿಗಳೇ ಗೇಟು ಮುರಿದರೆಂದು ಸುಳ್ಳು ಹೇಳಿದ್ದೂ ಅದೇ ಅಧಿಕಾರಿ. ‘ದಿ ಸನ್’ ಪತ್ರಿಕೆ ಪೊಲೀಸರ ಕಟ್ಟುಕಥೆಯನ್ನು ಮುಖಪುಟದಲ್ಲಿ ಸತ್ಯವೆಂದೇ ಅಚ್ಚು ಹಾಕಿತು. ಸತ್ತವರು ಕಾನೂನುಬಾಹಿರವಾಗಿ ಕೊಲ್ಲಲ್ಪಟ್ಟರು, ಅಭಿಮಾನಿಗಳ ತಪ್ಪಿರಲಿಲ್ಲ ಎಂದು ಜ್ಯೂರಿ ಹೇಳಿದ್ದು 2016ರಲ್ಲಿ. ಅಂದರೆ ಇಪ್ಪತ್ತೇಳು ವರ್ಷ. ಅಷ್ಟು ಕಾಲ, ಪಕ್ಕದಲ್ಲಿದ್ದವರು ಉಸಿರುಗಟ್ಟಿದ್ದನ್ನು ಕಂಡು ಬದುಕುಳಿದವರು ಆ ದುಃಖದ ಜೊತೆಗೆ ಕೊಲೆಗಡುಕರೆಂಬ ಅಪವಾದವನ್ನೂ ಹೊತ್ತು ಬಾಳಿದರು. ಫುಟ್‌ಬಾಲ್ ಮತ್ತು ಮಾನಸಿಕ ಆರೋಗ್ಯದ ಮಾತು ಬಂದಾಗ ನಾವು ತಾರಾ ಆಟಗಾರರನ್ನಷ್ಟೇ ನೆನೆಯುತ್ತೇವೆ, ಇವರನ್ನಲ್ಲ.

2022ರ ಮೇ 28ರಂದು ಪ್ಯಾರಿಸ್ಸಿನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಮತ್ತೆ ಲಿವರ್‌ಪೂಲ್ ಬೆಂಬಲಿಗರು ಹೋಗಿದ್ದರು. ಹಿಲ್ಸ್‌ಬರೊದಿಂದ ಬದುಕಿಬಂದವರೂ ಅವರಲ್ಲಿದ್ದರು. ಗಂಟೆಗಟ್ಟಲೆ ಸಾಲಿನಲ್ಲಿ ನಿಂತಿದ್ದವರ ಮೇಲೆ ಅಶ್ರುವಾಯು ಬಿತ್ತು. ಒಳಗಿನ ಪರದೆಯ ಮೇಲೆ ಮಾತ್ರ ಅಭಿಮಾನಿಗಳು ತಡವಾಗಿ ಬಂದದ್ದರಿಂದ ಪಂದ್ಯ ತಡವಾಗುತ್ತಿದೆ ಎಂಬ ಸಂದೇಶ. ಟಿಕೆಟ್ ಇಲ್ಲದ ಅಥವಾ ನಕಲಿ ಟಿಕೆಟ್ಟಿನ ಮೂವತ್ತರಿಂದ ನಲವತ್ತು ಸಾವಿರ ಇಂಗ್ಲಿಷರು ಬಂದಿದ್ದರೆಂದು ಫ್ರಾನ್ಸಿನ ಗೃಹ ಸಚಿವ ಜೆರಾಲ್ಡ್ ಡರ್ಮಾನಾ ಹೇಳಿಬಿಟ್ಟರು. ಗೇಟುಗಳಲ್ಲಿ ಸ್ಕ್ಯಾನ್ ಆದ ನಕಲಿ ಟಿಕೆಟ್‌ಗಳು ಮೂರು ಸಾವಿರವನ್ನೂ ಮುಟ್ಟಿರಲಿಲ್ಲ. ಟೂರ್ನಿ ನಡೆಸುವ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯೂಇಎಫ್‌ಎ ತಾನೇ ನೇಮಿಸಿದ ಸ್ವತಂತ್ರ ಸಮಿತಿ ಮರುವರ್ಷ, ಪ್ರಧಾನ ಹೊಣೆ ಯೂಇಎಫ್‌ಎದೇ ಎಂದಿತು.

ಹಾಗಾದರೆ ವೆಂಬ್ಲಿಯ ಅಭಿಮಾನಿಯನ್ನು ದೂರುವುದೂ ಇದೇ ಆಟವೇ? ಅಲ್ಲ. ವೆಂಬ್ಲಿಯಲ್ಲಿ ದೂರು ಬಂದದ್ದು ಸಾಕ್ಷ್ಯದಿಂದ. ಕೇಸಿ ವರದಿ ಸಂಘಟಕರ ಮತ್ತು ಪೊಲೀಸರ ಸಿದ್ಧತೆಯ ಕೊರತೆಯನ್ನೂ ಬಿಡಲಿಲ್ಲ. ಹಿಲ್ಸ್‌ಬರೊ, ಪ್ಯಾರಿಸ್ಸುಗಳಲ್ಲಿ ದೂರು ಮೊದಲು ಬಂತು, ಸಾಕ್ಷ್ಯಕ್ಕೆ ಯಾರೂ ಕಾಯಲಿಲ್ಲ. ಬೆಂಗಳೂರಿನವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. 2025ರ ಜೂನ್ 4ರಂದು ಕ್ರಿಕೆಟ್ ವಿಜಯೋತ್ಸವದ ವೇಳೆ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ 11 ಮಂದಿ ಸತ್ತಾಗ, ಸುಮಾರು 35 ಸಾವಿರ ಮಂದಿ ಹಿಡಿಯುವ ಜಾಗಕ್ಕೆ ಎರಡರಿಂದ ಮೂರು ಲಕ್ಷ ಜನ ಬಂದಿದ್ದರೆಂದು ಮುಖ್ಯಮಂತ್ರಿಯೇ ಹೇಳಿದರು. ಅದು ಕ್ರಿಕೆಟ್, ಇದು ಫುಟ್‌ಬಾಲ್, ನಿಜ. ಆದರೆ ಜಾಲತಾಣದಲ್ಲಿ ಜನರನ್ನು ಕರೆದು, ಪಾಸು ಬೇಕೋ ಬೇಡವೋ ಎಂಬುದನ್ನೇ ಗೊಂದಲದಲ್ಲಿಟ್ಟು, ಆಮೇಲೆ ಅಷ್ಟು ಜನ ಬಂದದ್ದಕ್ಕೆ ಅಚ್ಚರಿಪಡುವ ಸಂಘಟಕರ ಜಾತಿ ಎಲ್ಲ ಕಡೆಯೂ ಒಂದೇ.

ಮತ್ತೆ ಆಟಗಾರರ ಮನಸ್ಸಿನ ವಿಷಯ. 2024ರ ಯೂರೊ ಕ್ವಾರ್ಟರ್‌ಫೈನಲ್‌ನಲ್ಲಿ ಸಾಕಾ ಸ್ವಿಟ್ಜರ್ಲೆಂಡ್ ವಿರುದ್ಧ ಸಮಬಲದ ಗೋಲು ಹೊಡೆದರು, ಶೂಟೌಟ್‌ನಲ್ಲೂ ಗುರಿ ತಪ್ಪಲಿಲ್ಲ. ಪತ್ರಿಕೆಗಳಿಗೆ ಇದು ಪ್ರಾಯಶ್ಚಿತ್ತದ ಸುಂದರ ಕಥೆಯಾಯಿತು. ನನಗೆ ಆ ಕಥೆಯ ಬಗ್ಗೆಯೇ ತಕರಾರು. ಯಾವ ಪಾಪಕ್ಕೆ ಪ್ರಾಯಶ್ಚಿತ್ತ? ಸಾಕಾಗೆ ಎರಡನೇ ಅವಕಾಶ ಸಿಕ್ಕಿತು, ಸಿಗದವರ ಪಟ್ಟಿ ಉದ್ದವಿದೆ. ಗಟ್ಟಿ ಮನಸ್ಸಿನವನು ಗೆದ್ದು ತೋರಿಸುತ್ತಾನೆ ಎಂಬ ಮಾತಿನ ಒಳಗೆ, ಕುಸಿದವನು ದುರ್ಬಲ ಎಂಬ ತೀರ್ಪೂ ಅಡಗಿದೆ. ಜರ್ಮನಿಯ ಗೋಲ್‌ಕೀಪರ್ ರಾಬರ್ಟ್ ಎಂಕೆ ವರ್ಷಗಟ್ಟಲೆ ಖಿನ್ನತೆಯನ್ನು ಮುಚ್ಚಿಟ್ಟದ್ದಕ್ಕೆ ಈ ತೀರ್ಪಿನ ಹೆದರಿಕೆಯೂ ಒಂದು ಕಾರಣ. 2009ರ ನವೆಂಬರಿನಲ್ಲಿ ಅವರು ಪ್ರಾಣ ಕಳೆದುಕೊಂಡರು. ಇಂಗ್ಲೆಂಡಿನ ಡೆಲೆ ಆಲಿ 2023ರಲ್ಲಿ ತಮ್ಮ ಬಾಲ್ಯದ ದೌರ್ಜನ್ಯ, ನಿದ್ರೆಮಾತ್ರೆಯ ಚಟ, ಚಿಕಿತ್ಸಾ ಕೇಂದ್ರದ ದಿನಗಳನ್ನು ಕ್ಯಾಮೆರಾ ಎದುರು ಹೇಳಿಕೊಳ್ಳುವವರೆಗೆ, ಅಭಿಮಾನಿಗಳ ಲೆಕ್ಕದಲ್ಲಿ ಅವರೊಬ್ಬ ಸೋಮಾರಿ. ಬ್ರೆಜಿಲ್‌ನ ರಿಚಾರ್ಲಿಸನ್ 2022ರ ವಿಶ್ವಕಪ್ ನಂತರ ಖಿನ್ನತೆಗೆ ಜಾರಿದ್ದನ್ನೂ, ಮನೋಚಿಕಿತ್ಸೆ ತಮ್ಮನ್ನು ಉಳಿಸಿದ್ದನ್ನೂ ಹೇಳಿದರು. ಜಾಲತಾಣದ ಬೈಗುಳವೇ ಇವರೆಲ್ಲರ ಕಾಯಿಲೆಗೆ ಕಾರಣ ಎನ್ನುವುದು ತಪ್ಪಾಗುತ್ತದೆ. ಎಂಕೆಯ ದಿನಗಳಲ್ಲಿ ಈ ಹಾವಳಿ ಇಷ್ಟಿರಲೂ ಇಲ್ಲ. ಆದರೆ ಮೊದಲೇ ನೋಯುತ್ತಿರುವವನ ಜೇಬಿನೊಳಗೆ, ಮಲಗುವ ಕೋಣೆಯೊಳಗೆ ಸಾವಿರಾರು ಜನ ಒಟ್ಟಿಗೆ ನುಗ್ಗುವುದು ಹೊಸ ಸಂಗತಿ.

ಭಾರತದಲ್ಲಿ ನಾವು ಇದನ್ನು ದೂರದ ಸುದ್ದಿಯೆಂದು ಓದುವ ಹಾಗಿಲ್ಲ. ವೆಂಬ್ಲಿಯ ಫೈನಲ್ ಮುಗಿದು ನಾಲ್ಕು ತಿಂಗಳೂ ಕಳೆದಿರಲಿಲ್ಲ, ಪಾಕಿಸ್ತಾನದೆದುರು ಟಿ20 ವಿಶ್ವಕಪ್ ಪಂದ್ಯ ಸೋತದ್ದಕ್ಕೆ ಮೊಹಮ್ಮದ್ ಶಮಿಯ ಧರ್ಮವನ್ನು ಎಳೆದು ತಂದರು. ಮರುವರ್ಷ ಒಂದು ಕ್ಯಾಚ್ ಬಿಟ್ಟ ಅರ್ಷದೀಪ್ ಸಿಂಗ್‌ಗೆ ಖಾಲಿಸ್ತಾನಿ ಪಟ್ಟ ಕಟ್ಟಿದರು.

ಪರಿಹಾರಗಳೆಂದು ಬಂದವುಗಳಲ್ಲಿ ಹೆಚ್ಚಿನವು ನಿಂದನೆಗೆ ಗುರಿಯಾದವರ ಕೈಗೇ ಕೆಲಸ ಕೊಡುತ್ತವೆ. ಇನ್‌ಸ್ಟಾಗ್ರಾಂ 2021ರಲ್ಲಿ ತಂದ, ಬೈಗುಳವಿರುವ ಸಂದೇಶಗಳನ್ನು ಮರೆಮಾಡುವ ಸೌಲಭ್ಯ ಅಂಥದ್ದು: ಯಾವ ಪದಗಳು ಬೇಡವೆಂದು ಆಟಗಾರನೇ ಪಟ್ಟಿ ಮಾಡಬಹುದು. ತನ್ನನ್ನು ಜನ ಏನೇನು ಕರೆಯಬಹುದೆಂದು ಕುಳಿತು ಬರೆದುಕೊಳ್ಳುವುದೂ ಈಗ ಅವನ ಕೆಲಸ. 2025ರ ಮಹಿಳಾ ಯೂರೊದಲ್ಲಿ ಜನಾಂಗೀಯ ನಿಂದನೆಗೆ ಗುರಿಯಾದ ಇಂಗ್ಲೆಂಡಿನ ಜೆಸ್ ಕಾರ್ಟರ್ ಟೂರ್ನಿಯ ನಡುವೆಯೇ ಜಾಲತಾಣದಿಂದ ಹಿಂದೆ ಸರಿದರು. ಬೈದವರು ಇದ್ದಲ್ಲೇ ಇದ್ದರು, ಹೊರನಡೆದದ್ದು ಬೈಸಿಕೊಂಡವರು.

ಇದಕ್ಕಿಂತ ಹರಿತವಾದ ಒಂದು ಸಾಧನ ಬ್ರಿಟನ್ನಿನ ಕಾನೂನಿನಲ್ಲಿ ಈಗಾಗಲೇ ಇದೆ. ಗಲಭೆಕೋರರನ್ನು ಕ್ರೀಡಾಂಗಣದಿಂದ ದೂರವಿಡುವ ನಿಷೇಧಾಜ್ಞೆಯನ್ನು 2022ರಲ್ಲಿ ಆನ್‌ಲೈನ್ ದ್ವೇಷಾಪರಾಧಕ್ಕೂ ವಿಸ್ತರಿಸಿದರು. ಅಭಿಮಾನಿಗೆ ದಂಡಕ್ಕಿಂತ ಹೆಚ್ಚು ನಾಟುವುದು ತನ್ನ ಆಸನ ಕಳೆದುಕೊಳ್ಳುವುದೇ. ಹೊರದೇಶದ ಖಾತೆಗಳನ್ನು ಇದು ಮುಟ್ಟಲಾರದು, ಒಪ್ಪೋಣ. ಆದರೆ ಜೆಸ್ ಕಾರ್ಟರ್ ಪ್ರಕರಣದಲ್ಲಿ ಪೊಲೀಸರು ಬಂಧಿಸಿದ್ದು ಇಂಗ್ಲೆಂಡಿನಲ್ಲೇ ಇದ್ದ, ಅರವತ್ತರ ಅಂಚಿನ ವ್ಯಕ್ತಿಯೊಬ್ಬನನ್ನು. ಇಂಥ ಪ್ರತಿಯೊಂದು ಬಂಧನದ ಬೆನ್ನಿಗೇ ಕೇಳಬೇಕಾದ ಪ್ರಶ್ನೆಗಳಿವೆ: ಈತ ಯಾವುದಾದರೂ ಕ್ಲಬ್‌ನ ಸದಸ್ಯನೇ, ಸೀಸನ್ ಟಿಕೆಟ್ ಇದೆಯೇ, ಯಾವ ಸ್ಟ್ಯಾಂಡಿನಲ್ಲಿ ಕೂರುತ್ತಾನೆ? ಟಿಕೆಟ್ ಫೋನಿಗೇ ಬರುವ ಈ ಕಾಲದಲ್ಲಿ ಉತ್ತರ ಕ್ಲಬ್‌ನ ಕಂಪ್ಯೂಟರಿನಲ್ಲೇ ಇರುತ್ತದೆ.